ರಸ್ತೆ ಅಪಘಾತ: ಮೊದಲ ರಾತ್ರಿಯಿಂದ ಪರಿಹಾರದ ಆದೇಶದವರೆಗೆ, ಕಬ್ಬಿನ ಸೀಮೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಕಬ್ಬು ನುರಿಸುವ ಹಂಗಾಮು ಜೋರಾಗಿದ್ದ ಒಂದು ಜನವರಿ ರಾತ್ರಿ, ಮುಧೋಳದಿಂದ ಜಮಖಂಡಿ ಕಡೆಗೆ ಬೈಕಿನಲ್ಲಿ ಬರುತ್ತಿದ್ದ ನನ್ನ ಭಾವ, ರಸ್ತೆಯ ಮೇಲೆಯೇ ನಿಲ್ಲಿಸಿದ್ದ ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರಿಗೆ ಹಿಂದಿನಿಂದ ಗುದ್ದಿದರು. ಟ್ರೇಲರಿಗೆ ಹಿಂಬದಿ ದೀಪವಿರಲಿಲ್ಲ, ಪ್ರತಿಫಲಕ ಪಟ್ಟಿಯೂ ಇರಲಿಲ್ಲ. ತೊಡೆಯ ಮೂಳೆ ಮುರಿದಿತ್ತು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸಿಬ್ಬಂದಿ ದಪ್ಪ ರಿಜಿಸ್ಟರ್ ತೆರೆದು, "ಹ್ಯಾಂಗ ಪೆಟ್ಟಾತ್ರಿ?" ಎಂದು ಕೇಳಿದರು. ಪಕ್ಕದಲ್ಲಿ ಟ್ರ್ಯಾಕ್ಟರಿನ ಮಾಲೀಕನೂ ನಿಂತಿದ್ದ. "ಖರ್ಚೆಲ್ಲಾ ನಾ ನೋಡ್ಕೋತೀನಿ, ಕೇಸ್ ಮಾಡಬ್ಯಾಡ್ರಿ" ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ. ಪೊಲೀಸರ ತಂಟೆ ಯಾಕೆ ಎಂದು ನಮ್ಮವರೇ ಒಬ್ಬರು, "ಗಾಡಿ ಸ್ಕಿಡ್ ಆಗಿ ಬಿದ್ದಾರ್ರಿ" ಎಂದರು. ಸಿಬ್ಬಂದಿ ಅದನ್ನೇ ಬರೆದುಕೊಂಡರು. ಮೊದಲ ಬಿಲ್ಲು ಕಟ್ಟಿದ ಮಾಲೀಕ ಎರಡನೆಯ ವಾರದಿಂದ ಫೋನ್ ಎತ್ತಲಿಲ್ಲ. ನಾವು ದೂರು ಕೊಟ್ಟದ್ದು ನಲವತ್ತು ದಿನಗಳ ಮೇಲೆ. ಮುಂದೆ ನ್ಯಾಯಾಲಯದಲ್ಲಿ ವಿಮಾ ಕಂಪನಿಯ ವಕೀಲರು ಮತ್ತೆ ಮತ್ತೆ ಎತ್ತಿ ತೋರಿಸಿದ್ದು ಆ ರಿಜಿಸ್ಟರಿನ ಒಂದೇ ಸಾಲನ್ನು.

ಅಂದಿನಿಂದ ನಮ್ಮ ಕಡೆಯ ಅನೇಕ ಕುಟುಂಬಗಳ ಜೊತೆ ಆಸ್ಪತ್ರೆಗೂ ಪೊಲೀಸ್ ಠಾಣೆಗೂ ಕೋರ್ಟಿಗೂ ಅಡ್ಡಾಡಿದ್ದೇನೆ. ಚಿಕಿತ್ಸೆಯ ಮಾತು ಬೇರೆ, ಕಾನೂನಿನ ಮಾತು ಬೇರೆ ಎಂದು ಜನ ಭಾವಿಸುತ್ತಾರೆ. ಆದರೆ ಎರಡೂ ನಿಂತಿರುವುದು ಒಂದೇ ಕಾಗದದ ಮೇಲೆ, ಮತ್ತು ಆ ಕಾಗದ ಹುಟ್ಟುವುದು ಮೊದಲ ರಾತ್ರಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ರಾತ್ರಿಯಿಂದ ಮೊದಲುಮಾಡಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ರಸ್ತೆಯ ಮೇಲೆ ಮೊದಲ ಹತ್ತು ನಿಮಿಷ

ಮೊದಲು ಎರಡನೆಯ ಅಪಘಾತವನ್ನು ತಪ್ಪಿಸಿ. ಹಿಂದಿನಿಂದ ಬರುವ ವಾಹನಗಳಿಗೆ ಕಾಣುವಂತೆ ಒಬ್ಬರು ಮೊಬೈಲಿನ ಬೆಳಕು ಹಿಡಿದು ದೂರದಲ್ಲಿ ನಿಲ್ಲಲಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಪೊಲೀಸರು ಬೇಕಾದರೆ 112, ರಾಷ್ಟ್ರೀಯ ಹೆದ್ದಾರಿಯಾದರೆ 1033. ನಿಪ್ಪಾಣಿಯಿಂದ ಕಿತ್ತೂರಿನವರೆಗಿನ 48ನೇ ಹೆದ್ದಾರಿಯಲ್ಲಾಗಲಿ, ವಿಜಯಪುರದಿಂದ ಇಳಕಲ್ ಕಡೆಗೆ ಹೋಗುವ 50ನೇ ಹೆದ್ದಾರಿಯಲ್ಲಾಗಲಿ, ಬದಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ನೋಡಿ ಹೇಳಿದರೆ ಆಂಬುಲೆನ್ಸ್ ಹುಡುಕಾಡಬೇಕಾಗುವುದಿಲ್ಲ.

ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆಯನ್ನು ಗಾಯದ ಮೇಲೆ ಒತ್ತಿ ಹಿಡಿಯಿರಿ. ನೋಡಲೆಂದು ಪದೇ ಪದೇ ತೆಗೆಯಬೇಡಿ. ನೀರು ಕುಡಿಸುವುದು ನಮ್ಮ ಜನರ ಮೊದಲ ಉಪಚಾರ, ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಎಚ್ಚರ ತಪ್ಪಿದವರಿಗೆ ಆ ನೀರು ಶ್ವಾಸಕೋಶಕ್ಕೆ ಇಳಿಯಬಹುದು, ತುರ್ತು ಶಸ್ತ್ರಚಿಕಿತ್ಸೆ ಬೇಕಾದರೆ ಅರಿವಳಿಕೆ ಕೊಡುವುದಕ್ಕೂ ತೊಡಕಾಗುತ್ತದೆ. ಗಾಯಾಳು ಕುತ್ತಿಗೆ, ಬೆನ್ನು ನೋವೆಂದರೆ, ಕೈಕಾಲು ಜೋಮು ಹಿಡಿದಿದೆ ಎಂದರೆ, ನಾಲ್ವರು ಕೈಕಾಲು ಹಿಡಿದೆತ್ತಿ ಟಂಟಂನಲ್ಲಿ ಮುದುಡಿ ಕೂರಿಸಬೇಡಿ. ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಹಲಗೆಯ ಮೇಲೋ ಗಟ್ಟಿ ಚಾದರದ ಮೇಲೋ ಹೊರಳಿಸಿ ಎತ್ತಬೇಕು. ಬೆನ್ನುಹುರಿಗೆ ಗುದ್ದಿನಲ್ಲಿ ಆಗದ ಹಾನಿ ಎತ್ತುವಾಗ ಆಗಬಹುದು.

ಸಹಾಯ ಮಾಡಿದವರು ಸಿಕ್ಕಿಬೀಳುತ್ತಾರೆಂಬ ಭಯ ಇನ್ನೂ ಹೋಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು ಮತ್ತು 2016ರ ಕರ್ನಾಟಕದ ಜೀವರಕ್ಷಕರ ಕಾಯ್ದೆ ಎರಡೂ ಅಂಥವರಿಗೆ ರಕ್ಷಣೆ ಕೊಟ್ಟಿವೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂಬ ಬಲವಂತವಿಲ್ಲ, ಆಸ್ಪತ್ರೆಯ ಹಣ ಕಟ್ಟುವ ಹೊಣೆಯೂ ಅವರ ಮೇಲಿಲ್ಲ.

ಗಾಯಾಳುವಿಗೆ ಆಂಬುಲೆನ್ಸ್ ಬಂದ ಮೇಲೆ, ಉಳಿದವರಲ್ಲಿ ಒಬ್ಬರು ಫೋಟೋ ತೆಗೆಯಲಿ: ವಾಹನಗಳು ನಿಂತ ಜಾಗ, ಚಕ್ರದ ಗುರುತು, ದೀಪವಿಲ್ಲದ ಹಿಂಬದಿ. ಟ್ರ್ಯಾಕ್ಟರಾದರೆ ಎಂಜಿನ್ನಿನ ನಂಬರು ಫಲಕದ ಜೊತೆಗೆ ಟ್ರೇಲರಿನ ನಂಬರನ್ನೂ ತೆಗೆದಿಡಿ. ಟ್ರೇಲರಿಗೆ ಬೇರೆಯೇ ನೋಂದಣಿ, ಬೇರೆಯೇ ವಿಮೆ ಇರುತ್ತದೆ. ಎಷ್ಟೋ ಪ್ರಕರಣಗಳಲ್ಲಿ ಗುದ್ದಿದ್ದು ಟ್ರೇಲರಿಗೆ, ಅರ್ಜಿಯಲ್ಲಿ ಹೆಸರಿಸಿದ್ದು ಟ್ರ್ಯಾಕ್ಟರನ್ನು ಮಾತ್ರ ಎಂದಾಗಿ ವಿಮಾ ಕಂಪನಿಗೆ ನುಣುಚಿಕೊಳ್ಳಲು ದಾರಿಯಾಗಿದೆ.

ಹೆಜ್ಜೆ 2: ಯಾವ ಆಸ್ಪತ್ರೆ?

ಹತ್ತಿರದ ಆಸ್ಪತ್ರೆ ಒಳ್ಳೆಯದೋ, ದೊಡ್ಡ ಆಸ್ಪತ್ರೆ ಒಳ್ಳೆಯದೋ ಎಂಬ ಚರ್ಚೆಯಲ್ಲಿ ಅಮೂಲ್ಯ ಸಮಯ ಹೋಗುತ್ತದೆ. ರಕ್ತ ನಿಲ್ಲದಿದ್ದರೆ, ಉಸಿರಾಟ ಕಷ್ಟವಾಗಿದ್ದರೆ, ಎಚ್ಚರ ಕಡಿಮೆಯಾಗುತ್ತಿದ್ದರೆ ಮೊದಲು ಹತ್ತಿರದ ತಾಲೂಕು ಆಸ್ಪತ್ರೆ. ಅಲ್ಲಿ ಸ್ಥಿತಿ ಹಿಡಿತಕ್ಕೆ ಬಂದ ಮೇಲೆ ಬೆಳಗಾವಿಯ ಬಿಮ್ಸ್, ಬಾಗಲಕೋಟೆ ಅಥವಾ ವಿಜಯಪುರದ ಜಿಲ್ಲಾ ಆಸ್ಪತ್ರೆ, ಆ ಊರುಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು, ಹುಬ್ಬಳ್ಳಿಯ ಕಿಮ್ಸ್ ಎಂದು ಯೋಚಿಸಬಹುದು. ತಲೆಗೆ ಪೆಟ್ಟಾದವರು ಮಾತಾಡುತ್ತಿದ್ದಾರೆಂದು ಸಮಾಧಾನಪಟ್ಟುಕೊಳ್ಳಬೇಡಿ. ಮೆದುಳಿನ ಸುತ್ತ ರಕ್ತ ನಿಧಾನವಾಗಿ ಸೇರಿಕೊಳ್ಳುವ ಸಂದರ್ಭದಲ್ಲಿ ಮೊದಲಿಗೆ ಎಲ್ಲ ಸರಿಯಿರುವಂತೆ ಕಂಡು ಕೆಲವು ಗಂಟೆಗಳ ಮೇಲೆ ವಾಂತಿ, ತೀವ್ರ ತಲೆನೋವು, ಮಂಪರು, ಒಂದು ಕಣ್ಣಿನ ಪಾಪೆ ಹಿಗ್ಗುವುದು ಕಾಣಿಸುತ್ತದೆ. ಹಾಗಾದಾಗ ಸಿಟಿ ಸ್ಕ್ಯಾನ್ ಮತ್ತು ನರಶಸ್ತ್ರಚಿಕಿತ್ಸಕರಿರುವ ಕಡೆಗೇ ಹೋಗಬೇಕು.

ಮುಂಗಡ ಹಣವಿಲ್ಲವೆಂದು ಖಾಸಗಿ ಆಸ್ಪತ್ರೆ ತುರ್ತು ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಪೊಲೀಸ್ ಕೇಸ್ ಆಗಿದ್ದರೂ ಮೊದಲು ಜೀವ ಉಳಿಸುವುದೇ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ರಸ್ತೆ ಅಪಘಾತದ ಗಾಯಾಳುಗಳಿಗಾಗಿ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ನಗದುರಹಿತ ಚಿಕಿತ್ಸಾ ಯೋಜನೆಯನ್ನು ಅಧಿಸೂಚಿಸಿದ್ದು, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ ಒಬ್ಬರಿಗೆ 1.5 ಲಕ್ಷ ರೂಪಾಯಿಯವರೆಗಿನ ವೆಚ್ಚ ಅದರಡಿ ಸಿಗುತ್ತದೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ದಾಖಲಾಗುವಾಗಲೇ ಬಿಲ್ಲಿಂಗ್ ಕೌಂಟರಿನಲ್ಲಿ ಎರಡರ ಹೆಸರನ್ನೂ ಹೇಳಿ ಕೇಳಿ. ಬಿಡುಗಡೆಯ ದಿನ ಕೇಳಿದರೆ ಕಾಲ ಮೀರಿರುತ್ತದೆ.

ಮುರಿದ ಮೂಳೆ ಮತ್ತು ನಾಟಿ ವೈದ್ಯರು

ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ಸೀಮೆಯಲ್ಲಿ ಮೂಳೆ ಕಟ್ಟುವ ಮನೆತನಗಳಿಗೆ ತಲೆಮಾರುಗಳ ಹೆಸರಿದೆ, ಕೈಗುಣದ ಮೇಲೆ ಜನರಿಗೆ ನಂಬಿಕೆಯಿದೆ. ಆ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕೆಲವು ಪೆಟ್ಟುಗಳಲ್ಲಿ ಆ ದಾರಿ ಹಿಡಿಯಲೇಬಾರದು: ಚರ್ಮ ಹರಿದು ಮೂಳೆ ಹೊರಬಂದದ್ದು, ತೊಡೆಯ ಮೂಳೆ, ಸೊಂಟ, ಕೀಲಿನ ಹತ್ತಿರದ ಮುರಿತ, ಮಕ್ಕಳ ಮೊಣಕೈ. ತೊಡೆಯ ಮೂಳೆ ಮುರಿದರೆ ಹೊರಗೆ ಒಂದು ಹನಿಯೂ ಕಾಣದೆ ಒಳಗೇ ಒಂದು ಲೀಟರಿಗಿಂತ ಹೆಚ್ಚು ರಕ್ತ ಸೋರಬಹುದು. ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿದ ಪಟ್ಟಿಯೊಳಗೆ ಬಾವು ಏರಿದಾಗ ರಕ್ತಸಂಚಾರ ನಿಲ್ಲುತ್ತದೆ. ಸುಮಾರು ಆರು ಗಂಟೆ ಹಾಗೆಯೇ ಉಳಿದರೆ ಮಾಂಸಖಂಡ ಸಾಯತೊಡಗುತ್ತದೆ. ಪಟ್ಟಿಯನ್ನು ಯಾರೇ ಕಟ್ಟಿರಲಿ, ಆಸ್ಪತ್ರೆಯ ಪ್ಲಾಸ್ಟರೇ ಆಗಿರಲಿ, ಬೆರಳುಗಳು ತಣ್ಣಗಾಗಿ ನೀಲಿಗಟ್ಟಿದರೆ, ಜೋಮು ಹಿಡಿದರೆ, ಬೆರಳನ್ನು ಮೆಲ್ಲಗೆ ನೀಡಿದಾಗಲೂ ಕೂಗುವಷ್ಟು ನೋವಾದರೆ, ಬೆಳಗಾಗಲೆಂದು ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಮಾತು ಕಾನೂನಿನದು. ನಾಟಿ ಚಿಕಿತ್ಸೆಯಲ್ಲಿ ಎಕ್ಸ್‌ರೇ ಇರುವುದಿಲ್ಲ, ಬಿಲ್ಲು ಇರುವುದಿಲ್ಲ, ಗಾಯದ ದಾಖಲೆ ಇರುವುದಿಲ್ಲ. ಮೂರು ವಾರ ಅಲ್ಲಿ ಕಳೆದು ನಂತರ ಆಸ್ಪತ್ರೆಗೆ ಬಂದವರ ಕಾಲು ಸೊಟ್ಟಗೆ ಕೂಡಿಕೊಂಡಿದ್ದರೆ, ಆ ಸೊಟ್ಟು ಅಪಘಾತದಿಂದ ಆದದ್ದಲ್ಲ, ತಪ್ಪು ಚಿಕಿತ್ಸೆಯಿಂದ ಆದದ್ದು ಎಂದು ಎದುರಾಳಿ ವಕೀಲರು ವಾದಿಸುತ್ತಾರೆ. ಆ ವಾದಕ್ಕೆ ಎದುರು ಹಿಡಿಯಲು ನಿಮ್ಮ ಕೈಯಲ್ಲಿ ಕಾಗದವಿರುವುದಿಲ್ಲ.

ಹೆಜ್ಜೆ 3: ರಿಜಿಸ್ಟರಿನ ಆ ಸಾಲು

ಅಪಘಾತದ ಗಾಯಾಳು ಬಂದಾಗ ಆಸ್ಪತ್ರೆಯವರು ಅದನ್ನು ಎಂಎಲ್‌ಸಿ, ಅಂದರೆ ವೈದ್ಯಕೀಯ ಕಾನೂನು ಪ್ರಕರಣವೆಂದು ದಾಖಲಿಸಿ ಪೊಲೀಸರಿಗೆ ತಿಳಿಸುತ್ತಾರೆ. ಅಲ್ಲಿ ಅಪಘಾತದ ದಿನ, ಹೊತ್ತು, ಜಾಗ, ಯಾವ ವಾಹನದಿಂದ ಹೇಗೆ ಆಯಿತು ಎಂಬುದನ್ನು ಬರೆಯಲಾಗುತ್ತದೆ. ನಡೆದದ್ದನ್ನು ನಡೆದಂತೆಯೇ ಹೇಳಿ. ವಾಹನದ ನಂಬರು ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳಿ. ಗಾಬರಿಯಲ್ಲಿದ್ದ ಯಾರೋ ಸಂಬಂಧಿಕರು ತಪ್ಪು ಹೇಳಿದ್ದರೆ, ಗೊತ್ತಾದ ತಕ್ಷಣ ಕರ್ತವ್ಯದಲ್ಲಿರುವ ವೈದ್ಯರಿಗೆ ಲಿಖಿತ ಮನವಿ ಕೊಟ್ಟು, ಅದರ ನಕಲಿನ ಮೇಲೆ ಸ್ವೀಕೃತಿಯ ಸಹಿ ಪಡೆಯಿರಿ. ನಮ್ಮ ಪ್ರಕರಣದಲ್ಲಿ ಆ ಒಂದು ಅರ್ಜಿಯನ್ನು ಮರುದಿನ ಬೆಳಿಗ್ಗೆ ಕೊಟ್ಟಿದ್ದರೆ ಎರಡು ವರ್ಷದ ಜಗ್ಗಾಟ ಉಳಿಯುತ್ತಿತ್ತು.

ಇದಕ್ಕಿಂತ ಕೆಟ್ಟದ್ದು ಸುಳ್ಳನ್ನು ಬೇಕೆಂದೇ ಬರೆಸುವುದು. ತಾನೇ ಬಿದ್ದವರಿಗೆ ಪರಿಹಾರ ಕೊಡಿಸುತ್ತೇನೆಂದು ಬೇರೊಬ್ಬರ ವಾಹನವನ್ನು ತಂದು ಸೇರಿಸುವ, ಪರವಾನಗಿ ಇಲ್ಲದ ಚಾಲಕನ ಬದಲು ಪರವಾನಗಿ ಇದ್ದವನ ಹೆಸರು ಹಾಕಿಸುವ ಮಧ್ಯವರ್ತಿಗಳು ಆಸ್ಪತ್ರೆಯ ವರಾಂಡದಲ್ಲೇ ಸಿಗುತ್ತಾರೆ. ಅವರ ಮಾತಿಗೆ ಒಪ್ಪಿದರೆ ಪರಿಹಾರ ಹೋಗುವುದಷ್ಟೇ ಅಲ್ಲ, ವಂಚನೆಯ ಪ್ರಕರಣದಲ್ಲಿ ಗಾಯಾಳುವೇ ಆರೋಪಿಯಾಗುತ್ತಾನೆ.

ಹೆಜ್ಜೆ 4: ಠಾಣೆಯಲ್ಲಿ ದೂರು

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿವೆ. ಅಜಾಗರೂಕ ಚಾಲನೆಗೆ ನ್ಯಾಯ ಸಂಹಿತೆಯ 281ನೇ ಕಲಮು, ಅದರಿಂದಾದ ಗಾಯಕ್ಕೆ 125, ಸಾವಿಗೆ 106ನೇ ಕಲಮು ಅನ್ವಯಿಸುತ್ತವೆ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಸರಹದ್ದು ನಮ್ಮದಲ್ಲ ಎಂದು ತಿರುಗಿ ಕಳಿಸುವಂತಿಲ್ಲ. ಶೂನ್ಯ ಎಫ್‌ಐಆರ್ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ನಿರಾಕರಿಸಿದರೆ ದೂರಿನ ಸಾರವನ್ನು ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಗಡಿ ಭಾಗದವರಿಗೆ ಇದು ಬಹಳ ಮುಖ್ಯ. ಅಥಣಿ, ರಾಯಬಾಗ, ಚಿಕ್ಕೋಡಿ, ಜಮಖಂಡಿ ಕಡೆಯವರು ಗಾಯಾಳುವನ್ನು ಮಿರಜ್ ಅಥವಾ ಸಾಂಗ್ಲಿಗೆ, ಇಂಡಿ, ಚಡಚಣದವರು ಸೊಲ್ಲಾಪುರಕ್ಕೆ ಒಯ್ಯುವುದು ಬಹಳ ಹಿಂದಿನಿಂದ ಬಂದ ರೂಢಿ. ಚಿಕಿತ್ಸೆಯ ದೃಷ್ಟಿಯಿಂದ ಅದರಲ್ಲಿ ತಪ್ಪಿಲ್ಲ. ಆದರೆ ಆಸ್ಪತ್ರೆಯ ಮಾಹಿತಿ ಹೋಗುವುದು ಮಹಾರಾಷ್ಟ್ರದ ಠಾಣೆಗೆ, ಅಪಘಾತವಾದದ್ದು ಕರ್ನಾಟಕದ ಸರಹದ್ದಿನಲ್ಲಿ. ಎರಡು ಠಾಣೆಗಳ ನಡುವೆ ಕಾಗದ ಓಡಾಡುವುದರೊಳಗೆ ವಾರಗಳು ಕಳೆಯುತ್ತವೆ, ಅಷ್ಟರಲ್ಲಿ ಟ್ರ್ಯಾಕ್ಟರು ಸ್ಥಳದಿಂದ ಹೋಗಿರುತ್ತದೆ. ಆದ್ದರಿಂದ ಗಾಯಾಳು ಮಿರಜಿನಲ್ಲಿದ್ದರೂ, ಅಪಘಾತ ನೋಡಿದವರೋ ಮನೆಯವರೋ ಅದೇ ದಿನ ಅಪಘಾತವಾದ ಸರಹದ್ದಿನ ಠಾಣೆಗೆ ಹೋಗಿ ದೂರು ಕೊಡಲಿ. ಆಸ್ಪತ್ರೆಯಿಂದ ಎಂಎಲ್‌ಸಿ ನಂಬರು, ದಾಖಲಾದ ಹೊತ್ತು, ಮಾಹಿತಿ ಕಳಿಸಿದ ಠಾಣೆಯ ಹೆಸರನ್ನು ಬರೆಸಿಕೊಳ್ಳಿ. ಮರಾಠಿಯಲ್ಲಿರುವ ಕಾಗದಗಳಿಗೆ ಮುಂದೆ ಅನುವಾದ ಬೇಕಾಗುತ್ತದೆ, ಮೂಲವನ್ನು ಕಳೆಯಬೇಡಿ.

ದೂರು ತಡವಾದರೆ ಎಲ್ಲ ಮುಗಿಯಿತೆಂದಲ್ಲ. ಗಾಯಾಳುವಿನ ಜೀವ ಉಳಿಸಲು ಓಡಾಡುತ್ತಿದ್ದೆವು ಎಂಬುದು ಸಕಾರಣವೇ. ತಡವಾದ ಕಾರಣವನ್ನು ದೂರಿನಲ್ಲಿಯೇ ಬರೆಯಿರಿ.

ಅಪಘಾತದ ಮೊದಲ ವರದಿಯನ್ನು ಪೊಲೀಸರು 48 ಗಂಟೆಯೊಳಗೆ, ವಿವರವಾದ ವರದಿಯನ್ನು 90 ದಿನಗಳೊಳಗೆ ಪರಿಹಾರ ನ್ಯಾಯಮಂಡಳಿಗೆ ಕೊಡಬೇಕೆಂದು 2022ರ ನಿಯಮಗಳು ಹೇಳುತ್ತವೆ. ವಾರಕ್ಕೊಮ್ಮೆ ಠಾಣೆಗೆ ಹೋಗಿ ಇವು ಹೋದವೇ ಎಂದು ವಿನಯದಿಂದಲೇ ಆದರೂ ಬಿಡದೆ ಕೇಳಿ.

ಹೆಜ್ಜೆ 5: ಆಸ್ಪತ್ರೆಯಿಂದ ಹೊರಡುವಾಗ

ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಒಯ್ಯಬೇಕೆಂದು ಮನೆಯವರು ನಿರ್ಧರಿಸಿದಾಗ ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆ ಎಂಬ ಕಾಗದಕ್ಕೆ ಸಹಿ ಕೇಳುವುದುಂಟು. ಆಸ್ಪತ್ರೆಯ ಮಾತಿನಲ್ಲಿ ಅದಕ್ಕೆ ಡಾಮಾ ಎನ್ನುತ್ತಾರೆ. ಅಲ್ಲಿ ಇಲ್ಲದ ಸೌಲಭ್ಯಕ್ಕಾಗಿ ಹೋಗುತ್ತಿದ್ದರೆ ಅದು ಡಾಮಾ ಅಲ್ಲ, ರೆಫರಲ್. ಹಾಗೆಯೇ ಬರೆದ ಚೀಟಿಯನ್ನು ಕೇಳಿ ಪಡೆಯಿರಿ. ಗಾಯಾಳುವಿನ ಕಡೆಯವರೇ ಚಿಕಿತ್ಸೆ ನಿಲ್ಲಿಸಿದರು ಎಂಬ ಆಕ್ಷೇಪ ಮುಂದೆ ಬರದಂತೆ ಈ ಚೀಟಿ ಕಾಯುತ್ತದೆ.

ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರವನ್ನು ಓದಿಸಿ ಕೇಳದೆ ಸಹಿ ಮಾಡಬೇಡಿ. ಏನು ಮಾಡುತ್ತಾರೆ, ಬೇರೆ ದಾರಿಯಿದೆಯೇ, ಮಾಡದಿದ್ದರೆ ಏನಾಗುತ್ತದೆ, ರಾಡೋ ಪ್ಲೇಟೋ ಹಾಕಿದರೆ ಮುಂದೆ ತೆಗೆಸಬೇಕೇ ಎಂದು ಕನ್ನಡದಲ್ಲಿ ವಿವರಿಸಲು ಕೇಳುವ ಹಕ್ಕು ನಿಮಗಿದೆ. ಚಿಕಿತ್ಸೆಯ ದಾಖಲೆಗಳನ್ನು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ಬಿಡುಗಡೆ ಸಾರಾಂಶ, ಎಕ್ಸ್‌ರೇ ಹಾಳೆಗಳು, ಔಷಧ ಅಂಗಡಿಯ ಬಿಲ್ಲು, ಆಂಬುಲೆನ್ಸಿನ ರಸೀದಿ, ಜೊತೆಗಿದ್ದವರ ಬಸ್ ಟಿಕೆಟು, ಎಲ್ಲವನ್ನೂ ಒಂದು ಚೀಲದಲ್ಲಿ ದಿನಾಂಕದ ಪ್ರಕಾರ ಇಡಿ. ಔಷಧ ಅಂಗಡಿಯ ಬಿಲ್ಲಿನ ಶಾಯಿ ಆರು ತಿಂಗಳಲ್ಲಿ ಮಾಸಿಹೋಗುತ್ತದೆ, ಅದಕ್ಕೆ ಅಂದೇ ಜೆರಾಕ್ಸ್ ಮಾಡಿಸಿಡಿ.

ಹೆಜ್ಜೆ 6: ಹೊಣೆ ಯಾರದು?

ಸಾಮಾನ್ಯವಾಗಿ ಚಾಲಕ, ಮಾಲೀಕ, ವಿಮಾ ಕಂಪನಿ ಮೂವರೂ ಹೊಣೆಗಾರರು. ಕೊನೆಗೆ ಹಣ ಕಟ್ಟುವುದು ವಿಮಾ ಕಂಪನಿ. ರಸ್ತೆಯ ಮೇಲೆ ಇತರರಿಗೆ ಅಪಾಯವಾಗುವಂತೆ ವಾಹನ ನಿಲ್ಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 122ನೇ ಕಲಮು ನಿಷೇಧಿಸುತ್ತದೆ. ಹಾಗಾಗಿ ನಿಂತ ಟ್ರೇಲರಿಗೆ ಗುದ್ದಿದವನದೇ ಪೂರ್ತಿ ತಪ್ಪು ಎಂಬ ಮಾತನ್ನು ಒಪ್ಪಬೇಕಿಲ್ಲ. ಇಬ್ಬರದೂ ತಪ್ಪಿದ್ದರೆ ನ್ಯಾಯಮಂಡಳಿ ಪಾಲು ಹಾಕಿ, ಗಾಯಾಳುವಿನ ಪಾಲಿನಷ್ಟು ಪರಿಹಾರವನ್ನು ಕಡಿಮೆ ಮಾಡುತ್ತದೆ. ಬೈಕಿನ ಮೇಲೆ ಮೂವರಿದ್ದರು ಎಂಬುದೊಂದೇ ಕಾರಣಕ್ಕೆ ಕಡಿತ ಮಾಡುವಂತಿಲ್ಲ, ಅದರಿಂದಲೇ ಅಪಘಾತವಾಯಿತು ಅಥವಾ ಪೆಟ್ಟು ಹೆಚ್ಚಾಯಿತು ಎಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಕಬ್ಬು ಕಡಿಯುವ ಕೂಲಿಗಳ ವಿಷಯ ಬೇರೆ, ಮತ್ತು ಹೆಚ್ಚು ನೋವಿನದು. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ, ಕಬ್ಬಿನ ಹೊರೆಯ ಮೇಲೆ ಕುಳಿತು ಬರುವಾಗ ಬಿದ್ದವರಿಗೆ, ಅವರು ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ವಿಮಾ ಕಂಪನಿ ತಕರಾರು ತೆಗೆಯುತ್ತದೆ, ಅನೇಕ ಸಲ ಆ ತಕರಾರು ಗೆಲ್ಲುತ್ತದೆ. ಆಗ ಉಳಿಯುವುದು ಮಾಲೀಕನ ಹೊಣೆ ಮಾತ್ರ. ಕೆಲಸದ ಸಂದರ್ಭದಲ್ಲೇ ಪೆಟ್ಟಾಗಿದ್ದರೆ ನೌಕರರ ಪರಿಹಾರದ ಕಾನೂನಿನಡಿ ಉದ್ಯೋಗದಾತನ ಮೇಲೆ ಎರಡು ವರ್ಷದೊಳಗೆ ಅರ್ಜಿ ಹಾಕಬಹುದು. ಅದಾಗಲಿ, ಮೋಟಾರು ವಾಹನ ಕಾಯ್ದೆಯಾಗಲಿ, ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ಟೋಳಿಯ ಮುಕಾದಮನಿಂದ, ಅಂದರೆ ಕೂಲಿಗಳ ಗುಂಪಿನ ಮುಖ್ಯಸ್ಥನಿಂದ, ಕೂಲಿ ಪಡೆದ ಚೀಟಿ, ಮುಂಗಡದ ಲೆಕ್ಕದ ಪುಸ್ತಕ, ಫೋನಿಗೆ ಬಂದ ಹಣದ ಸಂದೇಶ, ಇವೇ ಆ ಅರ್ಜಿಗೆ ಜೀವ.

ನೀವೇ ಟ್ರ್ಯಾಕ್ಟರಿನ ಮಾಲೀಕರಾಗಿದ್ದರೆ ಇದನ್ನು ಎರಡು ಸಲ ಓದಿ. ಕೃಷಿ ಬಳಕೆಗೆಂದು ಪಾಲಿಸಿ ಮಾಡಿಸಿ ಬಾಡಿಗೆಗೆ ಓಡಿಸಿದರೆ ಷರತ್ತು ಮುರಿದಿರೆಂದು ಕಂಪನಿ ಹೊಣೆಯನ್ನು ನಿಮ್ಮ ಮೇಲೆ ಹಾಕಬಹುದು. ಮಾರಿದ ವಾಹನದ ನೋಂದಣಿ ನಿಮ್ಮ ಹೆಸರಿನಲ್ಲೇ ಉಳಿದಿದ್ದರೆ ಅಪಘಾತದ ಹೊಣೆಯೂ ನಿಮ್ಮದೇ. ಹದಿನೆಂಟು ತುಂಬದ ಮಗನ ಕೈಗೆ ವಾಹನ ಕೊಟ್ಟರೆ 199ಎ ಕಲಮಿನಡಿ ಪಾಲಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಅಪಘಾತವಾದಾಗ ಓಡಿಹೋಗದೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, 24 ಗಂಟೆಯೊಳಗೆ ಠಾಣೆಗೆ ತಿಳಿಸುವುದು 134ನೇ ಕಲಮಿನಂತೆ ಚಾಲಕನ ಕರ್ತವ್ಯ. ಹಂಗಾಮಿಗೆ ಮೊದಲು ಹಿಂಬದಿ ದೀಪ, ಕೆಂಪು ಪ್ರತಿಫಲಕ ಪಟ್ಟಿ ಹಾಕಿಸಿದರೆ ತಗಲುವ ಖರ್ಚು ಒಂದು ಖೇಪಿನ ಡೀಸೆಲ್ಲಿಗೂ ಸಮವಲ್ಲ.

ಗುದ್ದಿ ಓಡಿಹೋದ ವಾಹನ ಸಿಗದಿದ್ದರೆ 2022ರ ಯೋಜನೆಯಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ; ಅರ್ಜಿಯನ್ನು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ. ನಿಜವಾಗಿಯೂ ತಾನೇ ಬಿದ್ದವರು ತಮ್ಮ ಬೈಕಿನ ವಿಮೆಯಲ್ಲಿ ಮಾಲೀಕ-ಚಾಲಕರ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ ಇದೆಯೇ ನೋಡಲಿ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಸಾವಿಗೆ 2 ಲಕ್ಷ ರೂಪಾಯಿ ಅದರಲ್ಲಿದೆ, ಎಷ್ಟೋ ಮನೆಯವರಿಗೆ ಅದು ನೆನಪೇ ಇರುವುದಿಲ್ಲ.

ಹೆಜ್ಜೆ 7: ಪರಿಹಾರದ ಅರ್ಜಿ

ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಅರ್ಜಿಯನ್ನು ಅಪಘಾತದ ದಿನದಿಂದ ಆರು ತಿಂಗಳೊಳಗೆ ಹಾಕಬೇಕು. ಅಪಘಾತವಾದ ಊರು, ನೀವು ವಾಸಿಸುವ ಊರು, ಎದುರಾಳಿ ವಾಸಿಸುವ ಊರು, ಇವುಗಳಲ್ಲಿ ಯಾವುದರ ನ್ಯಾಯಮಂಡಳಿಯಲ್ಲಾದರೂ ಹಾಕಬಹುದು. ಸೊಲ್ಲಾಪುರದ ಬಳಿ ಅಪಘಾತವಾದರೂ ವಿಜಯಪುರದವರು ವಿಜಯಪುರದಲ್ಲೇ ಕೇಳಬಹುದು. ಆರು ತಿಂಗಳು ದಾಟಿದೆಯೆಂದು ಕೈಚೆಲ್ಲುವ ಮುನ್ನ ಒಬ್ಬ ವಕೀಲರನ್ನು ಕಾಣಿ, ಏಕೆಂದರೆ ಪೊಲೀಸರು ಕಳಿಸಿದ ಅಪಘಾತ ವರದಿಯನ್ನೇ ಅರ್ಜಿಯೆಂದು ಪರಿಗಣಿಸಲು ಕಾಯ್ದೆಯಲ್ಲಿ ಅವಕಾಶವಿದೆ. ತಪ್ಪು ಯಾರದೆಂದು ಸಾಬೀತುಪಡಿಸದೆಯೇ 164ನೇ ಕಲಮಿನಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೇಳುವ ದಾರಿಯೂ ಇದೆ.

ಪರಿಹಾರದ ಲೆಕ್ಕ ಹೇಗೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಬನಹಟ್ಟಿಯ ಒಬ್ಬ ನೇಕಾರ, ವಯಸ್ಸು 32, ತಿಂಗಳ ದುಡಿಮೆ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಬಲಗೈಯ ಎರಡು ಬೆರಳು ಮಡಚಲು ಬರುವುದಿಲ್ಲ. ವರ್ಷದ ಆದಾಯ 1,80,000. ಸ್ವಂತ ದುಡಿಮೆಯ 40 ವರ್ಷದೊಳಗಿನವರಿಗೆ ಭವಿಷ್ಯದ ಏರಿಕೆಯೆಂದು 40 ಪ್ರತಿಶತ ಸೇರಿಸಿದರೆ 2,52,000. ಸರಳಾ ವರ್ಮಾ ಪ್ರಕರಣದ 2009ರ ತೀರ್ಪಿನ ಪ್ರಕಾರ 31ರಿಂದ 35 ವಯಸ್ಸಿನ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ, 16. ಇನ್ನು ಅಂಗವೈಕಲ್ಯ. ವೈದ್ಯರು ಇಡೀ ದೇಹಕ್ಕೆ 10 ಪ್ರತಿಶತ ಎಂದು ಬರೆದಿದ್ದನ್ನೇ ಹಿಡಿದರೆ 4,03,200 ರೂಪಾಯಿ ಆಗುತ್ತದೆ. ಆದರೆ ಮಗ್ಗದ ಮುಂದೆ ಕುಳಿತವನಿಗೆ ಹಾಸಿನ ಎಳೆ ತುಂಡಾದಾಗ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಹಿಡಿದು, ಕ್ಷಣದಲ್ಲಿ ಗಂಟು ಹಾಕಲು ಬರಬೇಕು. ಆ ಎರಡು ಬೆರಳಿಲ್ಲದೆ ನೇಯ್ಗೆಯೇ ಇಲ್ಲ. ದುಡಿಮೆಯ ಮೇಲಾದ ಪರಿಣಾಮವೇ ಮುಖ್ಯ, ವೈದ್ಯರ ಅಂಕಿಯಲ್ಲ ಎಂದು ಸುಪ್ರೀಂ ಕೋರ್ಟ್ ರಾಜಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನ್ಯಾಯಮಂಡಳಿ ಆ ಪರಿಣಾಮವನ್ನು 40 ಪ್ರತಿಶತ ಎಂದು ಒಪ್ಪಿದರೆ ಅದೇ ಲೆಕ್ಕ 16,12,800 ರೂಪಾಯಿಗೆ ಏರುತ್ತದೆ. ಆದ್ದರಿಂದ ಸಾಕ್ಷಿ ಹೇಳುವಾಗ "ಕೈ ನೋವೈತ್ರಿ" ಎಂದು ನಿಲ್ಲಿಸದೆ, ನಿಮ್ಮ ಕೆಲಸದಲ್ಲಿ ಆ ಅಂಗ ಏನು ಮಾಡುತ್ತಿತ್ತು, ಈಗ ಏನು ಮಾಡಲಾಗುತ್ತಿಲ್ಲ ಎಂಬುದನ್ನು ಬಿಡಿಸಿ ಹೇಳಿ. ಸಾಧ್ಯವಾದರೆ ಮಗ್ಗದ ಮಾಲೀಕರನ್ನೂ ಸಾಕ್ಷಿಗೆ ಕರೆಸಿ. ಚಿಕಿತ್ಸೆಯ ಖರ್ಚು, ನೋವು, ದುಡಿಯದೆ ಕಳೆದ ತಿಂಗಳುಗಳು ಇದಕ್ಕೆ ಬೇರೆಯಾಗಿ ಸೇರುತ್ತವೆ.

ವಕೀಲರಿಗೆ ಪರಿಹಾರದಲ್ಲಿ ಇಷ್ಟು ಪಾಲು ಎಂದು ಒಪ್ಪಂದ ಮಾಡಿಕೊಳ್ಳುವುದು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಖಾಲಿ ಕಾಗದಕ್ಕೂ ಖಾಲಿ ಚೆಕ್ಕಿಗೂ ಸಹಿ ಹಾಕಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು, ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿ ಬೇಗ ಮುಗಿಯುತ್ತದೆ, ಆದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ಮೇಲಿನ ಲೆಕ್ಕವನ್ನು ಮನೆಯಲ್ಲಿ ಕುಳಿತು ಮಾಡಿಕೊಂಡ ಮೇಲೆಯೇ ರಾಜಿಗೆ ಕುಳಿತುಕೊಳ್ಳಿ.

ಹೆಜ್ಜೆ 8: ಚಿಕಿತ್ಸೆಯಲ್ಲೇ ತಪ್ಪಾಗಿದ್ದರೆ

ಫಲಿತಾಂಶ ಕೆಟ್ಟದಾಯಿತೆಂದ ಮಾತ್ರಕ್ಕೆ ವೈದ್ಯರ ನಿರ್ಲಕ್ಷ್ಯವಾಗುವುದಿಲ್ಲ. ಸಾಮಾನ್ಯ ಕೌಶಲದ ವೈದ್ಯರು ವಹಿಸುವ ಎಚ್ಚರವನ್ನು ವಹಿಸಲಿಲ್ಲ ಎಂದು, ಸಾಧ್ಯವಾದಷ್ಟು ಇನ್ನೊಬ್ಬ ತಜ್ಞರ ಅಭಿಪ್ರಾಯದೊಂದಿಗೆ, ತೋರಿಸಬೇಕು. ಕ್ರಿಮಿನಲ್ ಪ್ರಕರಣಕ್ಕೆ ಘೋರ ನಿರ್ಲಕ್ಷ್ಯವೇ ಬೇಕೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ. ಹಣ ಕೊಟ್ಟು ಪಡೆದ ಚಿಕಿತ್ಸೆಯ ಬಗ್ಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಸಿಟ್ಟಿನಲ್ಲಿ ಆಸ್ಪತ್ರೆಯ ಗಾಜು ಒಡೆದವರು ಆರೋಪಿಗಳಾಗುತ್ತಾರೆ, ದಾಖಲೆ ಕೇಳಿ ಪಡೆದವರು ಫಿರ್ಯಾದಿಗಳಾಗುತ್ತಾರೆ.

ಹೆಜ್ಜೆ 9: ಆದೇಶ ಬಂದ ಮೇಲೆ

ಆದೇಶದ ಪ್ರತಿಯನ್ನು ವಕೀಲರಿಂದ ಓದಿಸಿ ಕೇಳಿ. ಮೊತ್ತ ಕಡಿಮೆಯೆನಿಸಿದರೆ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಹಣದ ಒಂದು ಭಾಗವನ್ನು ನ್ಯಾಯಮಂಡಳಿ ಬ್ಯಾಂಕಿನಲ್ಲಿ ಠೇವಣಿ ಇಡಿಸುವುದುಂಟು. ಅದು ನಿಮ್ಮದೇ ಹೆಸರಿನ ಹಣ. ತುರ್ತು ಚಿಕಿತ್ಸೆಗೆ ಬೇಕಾದರೆ ಅರ್ಜಿ ಕೊಟ್ಟು ಬಿಡಿಸಿಕೊಳ್ಳಬಹುದು.

ವಾದ ಮುಗಿಯುವ ಮೊದಲೇ ನೋಡಬೇಕಾದ ಇನ್ನೊಂದು ವಿಷಯ ಮುಂದಿನ ಚಿಕಿತ್ಸೆಯ ಖರ್ಚು. ಒಳಗೆ ಹಾಕಿದ ರಾಡನ್ನು ತೆಗೆಸಬೇಕೇ, ಅದಕ್ಕೆ ಅಂದಾಜು ಎಷ್ಟು ಎಂಬುದನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದ ಬರೆಸಿ ಹಾಜರುಪಡಿಸದಿದ್ದರೆ, ಆದೇಶವಾದ ಮೇಲೆ ಅದನ್ನು ಕೇಳಲು ನ್ಯಾಯಮಂಡಳಿಯ ಬಾಗಿಲು ಮತ್ತೆ ತೆರೆಯುವುದಿಲ್ಲ. ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ಭಾವನ ತೊಡೆಯಲ್ಲಿ ಆ ರಾಡು ಇಂದಿಗೂ ಇದೆ. ಚಳಿಗಾಲದ ಬೆಳಿಗ್ಗೆ ಹೊಲಕ್ಕೆ ಹೊರಡುವ ಮೊದಲು ಕಟ್ಟೆಯ ಮೇಲೆ ಕುಳಿತು ಸ್ವಲ್ಪ ಹೊತ್ತು ಕಾಲು ತಿಕ್ಕಿಕೊಳ್ಳುತ್ತಾರೆ, ಆಮೇಲೆ ಏಳುತ್ತಾರೆ.